ಗೆರೆ ಏರುತ್ತಿದೆಯೋ, ಇಳಿಯುತ್ತಿದೆಯೋ? ನಕ್ಷೆಯ ಇಳಿಜಾರು ಓದುವ ಬಗೆ

ಗೊಂದಲ ಶುರುವಾಗುವುದೇ ಹೆಸರಿನಿಂದ. ಗಣಿತದ ಪುಸ್ತಕದಲ್ಲಿ ಸ್ಲೋಪ್ ಅನ್ನುವುದಕ್ಕೆ ‘ಇಳಿಜಾರು’ ಎಂದು ಬರೆದಿರುತ್ತಾರೆ. ಹೆಸರಲ್ಲೇ ‘ಇಳಿ’ ಇದೆ, ಸಾಲದ್ದಕ್ಕೆ ‘ಜಾರು’ ಬೇರೆ. ಮುಂದಿನ ಸಾಲಿನಲ್ಲೇ ‘ಇಳಿಜಾರು ಧನಾತ್ಮಕವಾಗಿದ್ದರೆ ಗೆರೆ ಮೇಲಕ್ಕೇರುತ್ತದೆ’ ಅನ್ನುತ್ತಾರೆ. ಇಳಿಜಾರು ಅಂದಮೇಲೆ ಏರುವುದು ಹೇಗೆ ಅಂತ ಒಂದು ಮಗು ಕೇಳಿದರೆ ಅದರ ತಪ್ಪೇನೂ ಇಲ್ಲ. ನಾನೂ ಕೇಳಿದ್ದೆ. ಬೈಸಿಕೊಂಡಿದ್ದೆ.

ಹಾಗಾಗಿ ಮೊದಲು ಆ ಪದದ ಮಾಮೂಲಿ ಅರ್ಥವನ್ನು ಪಕ್ಕಕ್ಕಿಡಿ. ಇಲ್ಲಿ ಇಳಿಜಾರು ಅಂದರೆ ‘ಗೆರೆ ಎಷ್ಟು ಓರೆ, ಯಾವ ಕಡೆಗೆ ಓರೆ’ ಅಂತ ಮಾತ್ರ. ಅದೊಂದು ಸಂಖ್ಯೆ. ಸಂಖ್ಯೆಯ ಮುಂದಿನ ಪ್ಲಸ್ ಅಥವಾ ಮೈನಸ್ ಗುರುತು ಗೆರೆ ಹೊರಟ ದಿಕ್ಕನ್ನು ಹೇಳುತ್ತದೆ. ಆ ಗುರುತು ಗೆರೆ ಎಲ್ಲಿದೆ ಅನ್ನುವುದನ್ನು ಹೇಳುವುದಿಲ್ಲ. ಈ ಎರಡನ್ನು ಬೇರೆ ಬೇರೆ ಇಟ್ಟುಕೊಂಡರೆ ನಕ್ಷೆ, ಅಂದರೆ ಗ್ರಾಫ್, ಓದುವಾಗ ಆಗುವ ಮುಕ್ಕಾಲು ಪಾಲು ತಪ್ಪು ಆಗುವುದೇ ಇಲ್ಲ.

ಹೆಜ್ಜೆ 1: ಬೆರಳನ್ನು ಎಡತುದಿಯಲ್ಲಿಡಿ

ಲೆಕ್ಕ ಆಮೇಲೆ. ಮೊದಲು ಗೆರೆಯ ಎಡತುದಿಯಲ್ಲಿ ಬೆರಳಿಟ್ಟು ಬಲಕ್ಕೆ ಎಳೆಯಿರಿ. ಬೆರಳು ಮೇಲಕ್ಕೆ ಹೋದರೆ ಇಳಿಜಾರು ಧನ. ಕೆಳಕ್ಕೆ ಬಂದರೆ ಋಣ. ಕೀಬೋರ್ಡಿನಲ್ಲಿ / ಗುರುತು ಇದೆಯಲ್ಲ, ಅದು ಧನ. ಅದಕ್ಕೆ ಉಲ್ಟಾ ಇರುವ \ ಗುರುತು ಋಣ.

ಬಲದಿಂದ ಎಡಕ್ಕೆ ಎಳೆದರೆ ಏನಾಗುತ್ತದೆ? ಏರುವ ಗೆರೆ ಇಳಿಯುವ ಹಾಗೆ ಕಾಣುತ್ತದೆ. ಒಂದೇ ಮೆಟ್ಟಿಲು, ಹತ್ತುವವರಿಗೆ ಏರು, ಇಳಿಯುವವರಿಗೆ ಇಳಿತ. ಅದಕ್ಕೇ ಎಲ್ಲರೂ ಒಂದೇ ಕಡೆಯಿಂದ ಓದಬೇಕು. ಎಡದಿಂದಲೇ ಯಾಕೆ ಅಂದರೆ, ಅಡ್ಡ ಅಕ್ಷದಲ್ಲಿ, ಅಂದರೆ ಎಕ್ಸ್ ಅಕ್ಷದಲ್ಲಿ, ಬಲಕ್ಕೆ ಹೋದಂತೆ ಸಂಖ್ಯೆ ದೊಡ್ಡದಾಗುತ್ತದೆ. ಅಲ್ಲಿ ಕಾಲ ಇದ್ದರೆ ಬಲಕ್ಕೆ ಹೋಗುವುದು ಅಂದರೆ ಮುಂದಿನ ಗಳಿಗೆಗೆ ಹೋಗುವುದು. ಕಾಲವನ್ನು ಹೀಗೆ ಅಡ್ಡಕ್ಕೆ ಹಾಸಿ, ಮೊತ್ತವನ್ನು ನೆಟ್ಟಗೆ ನಿಲ್ಲಿಸಿ ಗೆರೆ ಎಳೆಯುವ ಪದ್ಧತಿ ತೀರಾ ಹಳೆಯದಲ್ಲ. ಸ್ಕಾಟ್ಲೆಂಡಿನ ವಿಲಿಯಂ ಪ್ಲೇಫೇರ್ ಎಂಬಾತ 1786ರಲ್ಲಿ ಇಂಗ್ಲೆಂಡಿನ ಆಮದು, ರಫ್ತಿನ ಲೆಕ್ಕವನ್ನು ಇಂಥ ಗೆರೆಗಳಲ್ಲಿ ಅಚ್ಚು ಹಾಕಿಸಿದ. ಅಲ್ಲಿಯವರೆಗೆ ವ್ಯಾಪಾರದ ಅಂಕಿಗಳನ್ನು ಓದಬೇಕೆಂದರೆ ಸಾಲು ಸಾಲು ಕೋಷ್ಟಕವೇ ಗತಿ.

ಹೆಜ್ಜೆ 2: ಅಕ್ಷಗಳ ಹೆಸರು ಓದಿ

ಇದನ್ನು ಹಾರಿಸಿ ಮುಂದೆ ಹೋಗುವವರೇ ಜಾಸ್ತಿ. ಅಡ್ಡ ಅಕ್ಷದಲ್ಲಿ ಏನಿದೆ, ನೆಟ್ಟಗಿನ ವೈ ಅಕ್ಷದಲ್ಲಿ ಏನಿದೆ, ಯಾವ ಅಳತೆಯಲ್ಲಿದೆ? ಈ ಮೂರು ಗೊತ್ತಿಲ್ಲದೆ ‘ಏರುತ್ತಿದೆ’ ಅಂದರೆ ಏನು ಏರುತ್ತಿದೆ ಅಂತ ಯಾರಿಗೂ ತಿಳಿಯುವುದಿಲ್ಲ.

ಒಂದೇ ಓಟವನ್ನು ಎರಡು ನಕ್ಷೆಯಲ್ಲಿ ಬರೆದು ನೋಡಿ. ವೈ ಅಕ್ಷದಲ್ಲಿ ‘ಓಡಿದ ದೂರ’ ಹಾಕಿದರೆ ಗೆರೆ ಏರುತ್ತದೆ. ಅದೇ ಜಾಗದಲ್ಲಿ ‘ಇನ್ನೂ ಓಡಬೇಕಾದ ದೂರ’ ಹಾಕಿದರೆ ಗೆರೆ ಇಳಿಯುತ್ತದೆ. ಓಡಿದವರು ಅವರೇ, ವೇಗವೂ ಅದೇ. ಬದಲಾಗಿದ್ದು ಅಕ್ಷದ ಹೆಸರು ಮಾತ್ರ.

ಇನ್ನೊಂದು ಎಚ್ಚರ. ಎಲ್ಲ ಅಕ್ಷಗಳೂ ಮಾಮೂಲಿ ದಿಕ್ಕಿನಲ್ಲಿ ಬೆಳೆಯುವುದಿಲ್ಲ. ಸಮುದ್ರದ ಆಳ ತೋರಿಸುವ ನಕ್ಷೆಯಲ್ಲಿ ಸಾಮಾನ್ಯವಾಗಿ ಸೊನ್ನೆ ಮೇಲಿರುತ್ತದೆ, ಆಳ ಕೆಳಕ್ಕೆ ಬೆಳೆಯುತ್ತದೆ. ನಕ್ಷತ್ರಗಳನ್ನು ಅಭ್ಯಾಸ ಮಾಡುವವರು ಬಳಸುವ ಹರ್ಟ್ಸ್‌ಸ್ಪ್ರಂಗ್-ರಸೆಲ್ ನಕ್ಷೆಯಲ್ಲಿ ಉಷ್ಣತೆ ಎಡಕ್ಕೆ ಹೋದಂತೆ ಹೆಚ್ಚುತ್ತದೆ. ಇಂಥ ಕಡೆ ಬೆರಳನ್ನು ನಂಬಿದರೆ ಮೋಸ ಹೋಗುತ್ತೀರಿ. ಅಕ್ಷದ ಮೇಲಿನ ಎರಡು ಸಂಖ್ಯೆ ಓದಿ, ಯಾವುದು ದೊಡ್ಡದು ನೋಡಿಕೊಂಡು ಮುಂದುವರಿಯಿರಿ.

ಹೆಜ್ಜೆ 3: ಎರಡು ಬಿಂದು ಹಿಡಿದು ಲೆಕ್ಕ ಹಾಕಿ

ಬೆರಳು ದಿಕ್ಕು ಹೇಳಿತು. ‘ಎಷ್ಟು’ ಅಂತ ತಿಳಿಯಲು ಲೆಕ್ಕ ಬೇಕು. ಗೆರೆಯ ಮೇಲೆ ಎರಡು ಬಿಂದು ಆರಿಸಿ. ನಕ್ಷೆಯ ಚೌಕಗಳ ಮೂಲೆಯಲ್ಲಿ ಗೆರೆ ಸರಿಯಾಗಿ ಹಾದುಹೋಗುವ ಜಾಗ ಸಿಕ್ಕರೆ ಒಳ್ಳೆಯದು, ಅಂದಾಜು ಮಾಡುವುದು ತಪ್ಪುತ್ತದೆ. ಬಿಂದುಗಳು ಒಂದಕ್ಕೊಂದು ದೂರ ಇರಲಿ. ಹತ್ತಿರದ ಬಿಂದು ಹಿಡಿದರೆ ಓದುವಾಗ ಆದ ಸಣ್ಣ ತಪ್ಪೂ ಉತ್ತರದಲ್ಲಿ ದೊಡ್ಡದಾಗಿ ಕಾಣುತ್ತದೆ.

ಆಮೇಲೆ ಎರಡೇ ಪ್ರಶ್ನೆ. ಬಲಕ್ಕೆ ಎಷ್ಟು ಸರಿದೆ? ಅಷ್ಟರಲ್ಲಿ ಮೇಲಕ್ಕೋ ಕೆಳಕ್ಕೋ ಎಷ್ಟು ಹೋದೆ? ಎರಡನೆಯದನ್ನು ಮೊದಲನೆಯದರಿಂದ ಭಾಗಿಸಿದರೆ ಇಳಿಜಾರು ಸಿಕ್ಕಿತು.

ಒಂದು ತೊಟ್ಟಿಗೆ ನೀರು ಬರುತ್ತಿದೆ ಅಂದುಕೊಳ್ಳಿ. 2ನೇ ನಿಮಿಷದಲ್ಲಿ 14 ಲೀಟರ್ ಇತ್ತು, 7ನೇ ನಿಮಿಷದಲ್ಲಿ 34 ಲೀಟರ್. ಬಲಕ್ಕೆ ಸರಿದದ್ದು 7 − 2 = 5 ನಿಮಿಷ. ಮೇಲಕ್ಕೆ ಹೋದದ್ದು 34 − 14 = 20 ಲೀಟರ್. 20 ÷ 5 = 4. ಇಳಿಜಾರು +4.

ಈಗ ತೊಟ್ಟಿಯ ಬಿರಡೆ ತೆಗೆಯಿರಿ. ಶುರುವಿನಲ್ಲಿ 60 ಲೀಟರ್, 10 ನಿಮಿಷದ ನಂತರ 35 ಲೀಟರ್. 35 − 60 = −25. ಅದನ್ನು 10ರಿಂದ ಭಾಗಿಸಿದರೆ −2.5. ಈ ಮೈನಸ್ಸನ್ನು ನಾವು ಎಲ್ಲಿಂದಲೋ ತಂದು ಅಂಟಿಸಲಿಲ್ಲ. ಕೊನೆಯಲ್ಲಿದ್ದದ್ದರಿಂದ ಮೊದಲಿದ್ದದ್ದನ್ನು ಕಳೆದಾಗ ತಾನಾಗಿಯೇ ಬಂತು. ನೀರು ಕಡಿಮೆಯಾಗಿದೆ, ಅದಕ್ಕೆ ಮೈನಸ್.

ಇಲ್ಲಿ ಎಲ್ಲರೂ ಎಡವುವ ಕಲ್ಲು ಒಂದಿದೆ. ಮೇಲಕ್ಕೋ ಕೆಳಕ್ಕೋ ಹೋದದ್ದರ ಲೆಕ್ಕದಲ್ಲಿ ‘ಎರಡನೇ ಬಿಂದು ಕಳೆ ಮೊದಲನೇ ಬಿಂದು’ ಅಂತ ಮಾಡಿ, ಬಲಕ್ಕೆ ಸರಿದದ್ದರ ಲೆಕ್ಕದಲ್ಲಿ ‘ಮೊದಲನೆಯದು ಕಳೆ ಎರಡನೆಯದು’ ಅಂತ ಮಾಡಿಬಿಡುವುದು. ನಾನು ಒಂದು ಪರೀಕ್ಷೆಯಲ್ಲಿ ನಾಲ್ಕು ಲೆಕ್ಕದಲ್ಲೂ ಹೀಗೇ ಮಾಡಿದ್ದೆ. ಸಂಖ್ಯೆಗಳೆಲ್ಲ ಸರಿ, ಗುರುತುಗಳೆಲ್ಲ ತಲೆಕೆಳಗು. ನಿಜ ಹೇಳಬೇಕೆಂದರೆ ಯಾವ ಬಿಂದುವನ್ನು ಮೊದಲು ಹಿಡಿದರೂ ಪರವಾಗಿಲ್ಲ. ತೊಟ್ಟಿಯ ಲೆಕ್ಕವನ್ನೇ ಉಲ್ಟಾ ಮಾಡಿ: 60 − 35 = 25, 0 − 10 = −10. ಭಾಗಿಸಿದರೆ ಮತ್ತೆ −2.5. ಎರಡೂ ಕಡೆ ಗುರುತು ಒಟ್ಟಿಗೆ ಬದಲಾದ್ದರಿಂದ ಉತ್ತರ ಕದಲಲಿಲ್ಲ. ಒಂದು ಕಡೆ ಮಾತ್ರ ಬದಲಿಸಿದರೆ ಕೆಟ್ಟಿತು. ಹಾಗಾಗಿ ಲೆಕ್ಕ ಮುಗಿದ ಮೇಲೆ ಬೆರಳು ಮೊದಲು ಹೇಳಿದ್ದ ದಿಕ್ಕಿಗೂ ಈ ಗುರುತಿಗೂ ತಾಳೆ ಆಗುತ್ತದಾ ಅಂತ ನೋಡಿ. ಆಗದಿದ್ದರೆ, ಅಕ್ಷಗಳು ಮಾಮೂಲಿ ದಿಕ್ಕಿನಲ್ಲೇ ಇದ್ದ ಪಕ್ಷದಲ್ಲಿ, ಬೆರಳಿನ ಮಾತನ್ನೇ ನಂಬಿ, ಕಳೆಯುವ ಲೆಕ್ಕವನ್ನು ಮತ್ತೆ ಮಾಡಿ.

ಹೆಜ್ಜೆ 4: ಉತ್ತರವನ್ನು ಬಾಯಿಬಿಟ್ಟು ಹೇಳಿ

+4 ಅಂತ ಬರೆದು ಬಿಟ್ಟರೆ ಅರ್ಧ ಉತ್ತರ. ‘ಪ್ರತಿ ನಿಮಿಷಕ್ಕೆ 4 ಲೀಟರ್ ಹೆಚ್ಚುತ್ತಿದೆ’ ಅಂದಾಗ ಪೂರ್ತಿ ಆಯಿತು. −2.5 ಅಂದರೆ ‘ಪ್ರತಿ ನಿಮಿಷಕ್ಕೆ ಎರಡೂವರೆ ಲೀಟರ್ ಕಡಿಮೆಯಾಗುತ್ತಿದೆ’. ವೈ ಅಕ್ಷದ ಅಳತೆ, ಎಕ್ಸ್ ಅಕ್ಷದ ಒಂದೊಂದು ಹೆಜ್ಜೆಗೆ. ಹೀಗೆ ಹೇಳಲು ಬಂದರೆ ಇಳಿಜಾರು ಅರ್ಥವಾಗಿದೆ ಅಂತಲೇ ಲೆಕ್ಕ. ಹಾಂ, ‘−2.5 ಲೀಟರ್ ಕಡಿಮೆಯಾಗುತ್ತಿದೆ’ ಅನ್ನಬೇಡಿ. ಮೈನಸ್ ಮತ್ತು ‘ಕಡಿಮೆ’ ಒಂದೇ ಮಾತು. ಎರಡನ್ನೂ ಸೇರಿಸಿದರೆ ನೀರು ಹೆಚ್ಚಿದ ಹಾಗಾಯಿತು.

ಗೆರೆ ಇರುವ ಜಾಗ ಬೇರೆ, ಹೊರಟ ದಿಕ್ಕು ಬೇರೆ

ಈಗ ನಾನು ಶುರುವಿನಲ್ಲಿ ಹೇಳಿದ ಮಾತಿಗೆ ಬರೋಣ. ಇಲ್ಲಿ ಸ್ವಲ್ಪ ಹೊತ್ತು ನಿಲ್ಲಬೇಕು.

ಮೇಲಕ್ಕೆ ಹೋದಂತೆ ಗಾಳಿ ತಣ್ಣಗಾಗುತ್ತದೆ. ವಿಮಾನದವರು ಲೆಕ್ಕಕ್ಕೆ ಇಟ್ಟುಕೊಂಡಿರುವ ಪ್ರಮಾಣಿತ ವಾತಾವರಣದಲ್ಲಿ ಸಮುದ್ರ ಮಟ್ಟದಲ್ಲಿ 15 ಡಿಗ್ರಿ ಸೆಲ್ಸಿಯಸ್. ಅಲ್ಲಿಂದ 11 ಕಿಲೋಮೀಟರ್ ಎತ್ತರದವರೆಗೆ ಪ್ರತಿ ಕಿಲೋಮೀಟರಿಗೆ 6.5 ಡಿಗ್ರಿ ಇಳಿಯುತ್ತದೆ. ಅಡ್ಡಕ್ಕೆ ಎತ್ತರ, ನೆಟ್ಟಗೆ ಉಷ್ಣತೆ ಹಾಕಿ ಗೆರೆ ಎಳೆದರೆ ಇಳಿಜಾರು −6.5. ಈ ಗೆರೆ ಸುಮಾರು 2.3 ಕಿಲೋಮೀಟರ್ ಹತ್ತಿರ ಸೊನ್ನೆ ದಾಟಿ ಕೆಳಗಿಳಿಯುತ್ತದೆ. 11 ಕಿಲೋಮೀಟರಿಗೆ ಬರುವಾಗ −56.5 ಡಿಗ್ರಿ. ಸೊನ್ನೆ ದಾಟಿದಾಗ ಇಳಿಜಾರಿಗೆ ಏನಾಯಿತು? ಏನೂ ಆಗಲಿಲ್ಲ. ಉಷ್ಣತೆ ಪ್ಲಸ್ಸಿನಿಂದ ಮೈನಸ್ಸಿಗೆ ಹೋಯಿತು. ಇಳಿಜಾರು ಮೊದಲೂ −6.5, ಆಮೇಲೂ −6.5.

ಇದರ ಉಲ್ಟಾ ನೋಡಿ. ಫ್ರೀಜರಿನಿಂದ ತೆಗೆದ ಪೊಟ್ಟಣವೊಂದು −18ರಿಂದ −5 ಡಿಗ್ರಿಗೆ ಬರುತ್ತಿದೆ. ಗೆರೆ ಪೂರ್ತಿ ಸೊನ್ನೆಯ ಕೆಳಗೇ ಇದೆ. ಇಳಿಜಾರು ಮಾತ್ರ ಧನ, ಯಾಕೆಂದರೆ ಬಿಸಿ ಏರುತ್ತಿದೆ. ‘ಸಂಖ್ಯೆಗಳೆಲ್ಲ ಮೈನಸ್, ಹಾಗಾಗಿ ಇಳಿಜಾರೂ ಮೈನಸ್’ ಅಂತ ಬರೆಯುವವರನ್ನು ಬಹಳ ನೋಡಿದ್ದೇನೆ.

ನನಗೆ ತುಂಬಾ ಇಷ್ಟವಾದ ಉದಾಹರಣೆ ಚೆಂಡಿನದು. ಒಂದು ಚೆಂಡನ್ನು ಸೆಕೆಂಡಿಗೆ 19.6 ಮೀಟರ್ ವೇಗದಲ್ಲಿ ನೆಟ್ಟಗೆ ಮೇಲಕ್ಕೆ ಎಸೆಯಿರಿ. ಗಾಳಿಯ ತಡೆಯನ್ನು ಬಿಟ್ಟುಬಿಡೋಣ. ಮೇಲಕ್ಕೆ ಹೋಗುವ ವೇಗಕ್ಕೆ ಪ್ಲಸ್, ಕೆಳಕ್ಕೆ ಬರುವುದಕ್ಕೆ ಮೈನಸ್. ಭೂಮಿಯ ಸೆಳೆತದಿಂದ ವೇಗ ಪ್ರತಿ ಸೆಕೆಂಡಿಗೆ 9.8ರಂತೆ ಕಡಿಮೆಯಾಗುತ್ತದೆ. 1 ಸೆಕೆಂಡಿಗೆ 9.8, 2 ಸೆಕೆಂಡಿಗೆ ಸೊನ್ನೆ, 3ಕ್ಕೆ −9.8, 4ಕ್ಕೆ −19.6. ಈ ವೇಗದ ನಕ್ಷೆ ಒಂದು ನೇರ ಗೆರೆ. ಇಳಿಜಾರು ಎಲ್ಲ ಕಡೆ −9.8.

ಮೊದಲ ಎರಡು ಸೆಕೆಂಡು ಚೆಂಡು ಮೇಲಕ್ಕೆ ಹೋಗುತ್ತಿದೆ. ಆದರೂ ವೇಗದ ಗೆರೆಯ ಇಳಿಜಾರು ಋಣ! ವೈ ಅಕ್ಷದಲ್ಲಿ ಇರುವುದು ಎತ್ತರ ಅಲ್ಲ, ವೇಗ. ಚೆಂಡು ಏರುತ್ತಿದೆ, ಅದರ ವೇಗ ಇಳಿಯುತ್ತಿದೆ. ಅದೇ ಚೆಂಡಿನ ಎತ್ತರದ ನಕ್ಷೆ ಬರೆದರೆ ಗೆರೆ ಬಾಗಿರುತ್ತದೆ. ಮೊದಲ ಎರಡು ಸೆಕೆಂಡು ಇಳಿಜಾರು ಧನ, 19.6 ಮೀಟರ್ ಎತ್ತರದಲ್ಲಿ ಒಂದು ಕ್ಷಣ ಸೊನ್ನೆ, ಆಮೇಲೆ ಋಣ. ಎರಡನೇ ಹೆಜ್ಜೆಯನ್ನು ಹಾರಿಸಬೇಡಿ ಅಂದದ್ದು ಇದಕ್ಕೇ.

ಕಡಿದಾಗಿರುವುದು ಯಾವುದು?

ಇಳಿಜಾರು 3 ಇರುವ ಗೆರೆ, −5 ಇರುವ ಗೆರೆ. ಯಾವುದು ಹೆಚ್ಚು ಕಡಿದು? ಸಂಖ್ಯೆಯ ಲೆಕ್ಕದಲ್ಲಿ −5 ಚಿಕ್ಕದು. ಓರೆಯ ಲೆಕ್ಕದಲ್ಲಿ ಅದೇ ಹೆಚ್ಚು ಕಡಿದು. ಕಡಿದು ಎಷ್ಟು ಅಂತ ನೋಡುವಾಗ ಗುರುತನ್ನು ಮುಚ್ಚಿಟ್ಟು ಅಂಕಿ ಮಾತ್ರ ನೋಡಿ. ದಿಕ್ಕು ನೋಡುವಾಗ ಅಂಕಿ ಮರೆತು ಗುರುತು ಮಾತ್ರ ನೋಡಿ.

ಕಣ್ಣಿಗೆ ಕಡಿದಾಗಿ ಕಂಡದ್ದೆಲ್ಲ ಕಡಿದಲ್ಲ ಅನ್ನುವುದೂ ತಿಳಿದಿರಲಿ. ಒಂದೇ ಅಂಕಿಗಳನ್ನು ಅಗಲವಾದ ಹಾಳೆಯಲ್ಲಿ ಬರೆದರೆ ಗೆರೆ ಮಲಗಿದ ಹಾಗೆ ಕಾಣುತ್ತದೆ, ಕಿರಿದಾದ ಹಾಳೆಯಲ್ಲಿ ಗೋಡೆಯ ಹಾಗೆ. ವೈ ಅಕ್ಷವನ್ನು ಸೊನ್ನೆಯಿಂದ ಶುರುಮಾಡದೆ 95ರಿಂದ 100ರವರೆಗೆ ಮಾತ್ರ ತೋರಿಸಿದರೆ ಒಂದು ಸಣ್ಣ ಏರಿಕೆಯೂ ಬೆಟ್ಟವಾಗುತ್ತದೆ. ಜಾಹೀರಾತಿನವರಿಗೂ ಭಾಷಣದವರಿಗೂ ಇದು ಚೆನ್ನಾಗಿ ಗೊತ್ತು. ಅಕ್ಷವನ್ನು ಎಷ್ಟು ಹಿಗ್ಗಿಸಿದರೂ ಕುಗ್ಗಿಸಿದರೂ ಗುರುತು ಮಾತ್ರ ಬದಲಾಗುವುದಿಲ್ಲ. ಓರೆ ಎಷ್ಟು ಅಂತ ಕಣ್ಣನ್ನು ಕೇಳಬೇಡಿ, ಅಂಕಿಗಳನ್ನು ಕೇಳಿ.

ಪೂರ್ತಿ ಮಲಗಿದ ಗೆರೆಯ ಇಳಿಜಾರು ಸೊನ್ನೆ. ಏನೂ ಬದಲಾಗುತ್ತಿಲ್ಲ ಅಂತ ಅರ್ಥ, ಅಷ್ಟೇ. ಪೂರ್ತಿ ನೆಟ್ಟಗೆ ನಿಂತ ಗೆರೆಗೆ ಇಳಿಜಾರೇ ಇಲ್ಲ. ಬಲಕ್ಕೆ ಸರಿದದ್ದು ಸೊನ್ನೆ, ಸೊನ್ನೆಯಿಂದ ಭಾಗಿಸಲು ಬರುವುದಿಲ್ಲ. ದೂರ ಮತ್ತು ಕಾಲದ ನಕ್ಷೆಯಲ್ಲಿ ಇಂಥ ಗೆರೆ ಸಿಕ್ಕರೆ, ಒಬ್ಬ ಮನುಷ್ಯ ಒಂದೇ ಗಳಿಗೆಯಲ್ಲಿ ಹತ್ತು ಕಡೆ ಇದ್ದ ಅಂತಾಯಿತು. ನಕ್ಷೆ ಬರೆದವರನ್ನು ಕರೆದು ಕೇಳಿ.

ಧನ ಅಂದರೆ ಒಳ್ಳೆಯದು ಅಂತಲ್ಲ

ಧನ ಅಂದರೆ ಹಣ, ಋಣ ಅಂದರೆ ಸಾಲ. ಗಣಿತಜ್ಞ ಬ್ರಹ್ಮಗುಪ್ತ 628ರಲ್ಲಿ ಕೂಡಿಸುವ, ಕಳೆಯುವ ನಿಯಮಗಳನ್ನು ಬರೆದಾಗಲೂ ಇವೇ ಪದಗಳನ್ನು ಬಳಸಿದ್ದ. ಲೆಕ್ಕಕ್ಕೆ ಸೊಗಸಾದ ಪದಗಳೇ. ಆದರೆ ಕಿವಿಗೆ ‘ಧನ’ ಬಿದ್ದ ತಕ್ಷಣ ಮನಸ್ಸು ‘ಒಳ್ಳೆಯದು’ ಅಂದುಬಿಡುತ್ತದೆ, ಅಲ್ವಾ? ಜ್ವರದ ನಕ್ಷೆ ಏರುತ್ತಿದ್ದರೆ ಅದೂ ಧನವೇ. ಬಾಕಿ ಸಾಲದ ಮೊತ್ತ ತಿಂಗಳಿಂದ ತಿಂಗಳಿಗೆ ಇಳಿಯುತ್ತಿದ್ದರೆ ಅದು ಋಣ ಇಳಿಜಾರು, ಮನೆಯವರಿಗೆ ಖುಷಿಯೋ ಖುಷಿ. ಗುರುತು ದಿಕ್ಕನ್ನು ಹೇಳುತ್ತದೆ. ಒಳ್ಳೆಯದೋ ಕೆಟ್ಟದ್ದೋ ಅನ್ನುವುದು ವೈ ಅಕ್ಷದಲ್ಲಿ ಏನಿದೆ ಅನ್ನುವುದರ ಮೇಲೆ.

ಸಮೀಕರಣದಿಂದಲೇ ಗುರುತು ಹಿಡಿಯುವುದು

ನಕ್ಷೆ ಇಲ್ಲದೆ ಬರೀ ಸಮೀಕರಣ ಕೊಟ್ಟರೂ ಇಳಿಜಾರು ಓದಬಹುದು. ಸೆಲ್ಸಿಯಸ್ಸನ್ನು ಫ್ಯಾರನ್‌ಹೀಟಿಗೆ ಬದಲಿಸುವ ಸೂತ್ರ ನೋಡಿ: ಸೆಲ್ಸಿಯಸ್ಸನ್ನು 1.8ರಿಂದ ಗುಣಿಸಿ 32 ಕೂಡಿಸಿ. ಗುಣಿಸುವ ಸಂಖ್ಯೆ 1.8, ಅದೇ ಇಳಿಜಾರು. ಒಂದು ಡಿಗ್ರಿ ಸೆಲ್ಸಿಯಸ್ ಏರಿದರೆ ಫ್ಯಾರನ್‌ಹೀಟ್ 1.8 ಏರುತ್ತದೆ. 32 ಅನ್ನುವುದು ಗೆರೆ ವೈ ಅಕ್ಷವನ್ನು ಮುಟ್ಟುವ ಜಾಗ. ಅದನ್ನು ಬದಲಿಸಿದರೆ ಗೆರೆ ಮೇಲೆ ಕೆಳಗೆ ಸರಿಯುತ್ತದೆ, ಓರೆ ಬದಲಾಗುವುದಿಲ್ಲ. ಜಾಗ ಬೇರೆ, ದಿಕ್ಕು ಬೇರೆ ಅನ್ನುವ ಮಾತು ಇಲ್ಲಿ ಒಂದೇ ಸೂತ್ರದಲ್ಲಿ ಅಕ್ಕಪಕ್ಕ ಕೂತಿದೆ.

ಬಲೆ ಇರುವುದು 2ಎಕ್ಸ್ + 3ವೈ = 12 ಅನ್ನುವಂಥ ಕಡೆ. ಎಲ್ಲ ಪ್ಲಸ್ ಕಾಣುತ್ತದೆ, ಇಳಿಜಾರೂ ಪ್ಲಸ್ ಇರಬೇಕು ಅನಿಸುತ್ತದೆ. ವೈ ಒಂದನ್ನೇ ಎಡಕ್ಕೆ ಬಿಟ್ಟು ಉಳಿದದ್ದನ್ನು ಬಲಕ್ಕೆ ತಂದರೆ ಎಕ್ಸ್‌ನ ಮುಂದೆ −2/3 ಬರುತ್ತದೆ. ಲೆಕ್ಕ ಮಾಡದೆಯೂ ಇದನ್ನು ಊಹಿಸಬಹುದು. ಒಟ್ಟು ಮೊತ್ತ 12ಕ್ಕೆ ಕಟ್ಟಿಹಾಕಿದೆ. ಎಕ್ಸ್ ಜಾಸ್ತಿಯಾದರೆ ವೈ ಕಡಿಮೆಯಾಗಲೇಬೇಕು. ಇದ್ದಷ್ಟರಲ್ಲೇ ಇಬ್ಬರು ಹಂಚಿಕೊಳ್ಳುವ ಹಾಗೆ.

ಗೆರೆ ನೇರವಾಗಿಲ್ಲದಿದ್ದರೆ

ನಿಜದ ಅಂಕಿಗಳು ಸ್ಕೇಲಿಟ್ಟು ಎಳೆದ ಹಾಗೆ ಇರುವುದಿಲ್ಲ. ಆಗ ಗೆರೆಯನ್ನು ತುಂಡು ತುಂಡಾಗಿ ಓದಬೇಕು.

ಹವಾಯಿಯ ಮೌನಾ ಲೋವಾ ಬೆಟ್ಟದ ಮೇಲೆ 1958ರಿಂದ ಗಾಳಿಯಲ್ಲಿರುವ ಇಂಗಾಲದ ಡೈಆಕ್ಸೈಡನ್ನು ಅಳೆಯುತ್ತಿದ್ದಾರೆ. ಶುರು ಮಾಡಿದವರು ಚಾರ್ಲ್ಸ್ ಡೇವಿಡ್ ಕೀಲಿಂಗ್. ಆ ನಕ್ಷೆ ಗರಗಸದ ಹಲ್ಲಿನಂತಿದೆ. ಪ್ರತಿ ವರ್ಷ ಮೇ ತಿಂಗಳ ಹೊತ್ತಿಗೆ ತುದಿ ಮುಟ್ಟಿ, ಸೆಪ್ಟೆಂಬರ್‌ವರೆಗೆ ಇಳಿಯುತ್ತದೆ. ಉತ್ತರಾರ್ಧ ಗೋಳದ ಗಿಡಮರಗಳು ಬೇಸಿಗೆಯಲ್ಲಿ ಬೆಳೆಯುತ್ತಾ ಅದನ್ನು ಹೀರಿಕೊಳ್ಳುವುದೇ ಕಾರಣ. ಆಮೇಲೆ ಮತ್ತೆ ಏರಿಕೆ. ಜೂನ್‌ನಿಂದ ಆಗಸ್ಟ್‌ವರೆಗಿನ ತುಂಡನ್ನಷ್ಟೇ ಕತ್ತರಿಸಿ ತೋರಿಸಿದರೆ ಇಳಿಜಾರು ಋಣ. ‘ನೋಡಿ, ಕಡಿಮೆಯಾಗುತ್ತಿದೆ’ ಅಂತ ಯಾರು ಬೇಕಾದರೂ ವಾದಿಸಬಹುದು.

ಪೂರ್ತಿ ಗೆರೆ ನೋಡಿ. 1959ರಲ್ಲಿ ವರ್ಷದ ಸರಾಸರಿ ಹತ್ತು ಲಕ್ಷಕ್ಕೆ ಸುಮಾರು 316 ಭಾಗ ಇತ್ತು, 2023ರಲ್ಲಿ ಸುಮಾರು 421. 105ನ್ನು 64 ವರ್ಷದಿಂದ ಭಾಗಿಸಿದರೆ ವರ್ಷಕ್ಕೆ ಸುಮಾರು 1.6. ಧನ ಇಳಿಜಾರು. ಅದೂ ಒಂದೇ ಸಮ ಇಲ್ಲ. 1960ರ ದಶಕದಲ್ಲಿ ವರ್ಷಕ್ಕೆ 1ಕ್ಕಿಂತ ಕಡಿಮೆ ಏರುತ್ತಿತ್ತು, 2010ರ ದಶಕದಲ್ಲಿ 2ಕ್ಕಿಂತ ಜಾಸ್ತಿ. ಗೆರೆಯೂ ಏರುತ್ತಿದೆ, ಅದರ ಓರೆಯೂ ಏರುತ್ತಿದೆ.

ಇದರ ಜೊತೆಗೇ ಹೇಳಬೇಕಾದ ಇನ್ನೊಂದು ಗೋಜಲು ಹಣದುಬ್ಬರದ್ದು. ‘ಹಣದುಬ್ಬರ ಇಳಿಯಿತು’ ಅಂತ ಸುದ್ದಿ ಬಂದಾಗ ‘ಬೆಲೆ ಎಲ್ಲಿ ಇಳಿದಿದೆ?’ ಅಂತ ಜನ ಸಿಟ್ಟಾಗುತ್ತಾರೆ. ಇಬ್ಬರು ಹೇಳುವುದೂ ಸರಿ. ಹಣದುಬ್ಬರ ಅನ್ನುವುದು ಬೆಲೆ ಏರುವ ವೇಗ. ಅದು 6ರಿಂದ 4ಕ್ಕೆ ಬಂದರೆ ಬೆಲೆಯ ಗೆರೆ ಈಗಲೂ ಏರುತ್ತಲೇ ಇದೆ, ಸ್ವಲ್ಪ ಕಡಿಮೆ ಕಡಿದಾಗಿ. ಬೆಲೆಯ ಗೆರೆಯ ಇಳಿಜಾರು ಧನ, ಹಣದುಬ್ಬರದ ಗೆರೆಯ ಇಳಿಜಾರು ಋಣ. ಚೆಂಡು ಏರುತ್ತಿರುವಾಗ ವೇಗ ಇಳಿದ ಕಥೆಯೇ ಇದು.

ಈಗ ನೀವೇ ಒಂದು ಓದಿ

ಒಂದು ಫೋನಿನ ಬ್ಯಾಟರಿ ನಕ್ಷೆ. ಬೆಳಿಗ್ಗೆ 8ಕ್ಕೆ 90 ಶೇಕಡಾ, ಮಧ್ಯಾಹ್ನ 12ಕ್ಕೆ 50. ಅಲ್ಲಿಂದ 2 ಗಂಟೆಯವರೆಗೆ 50ರಲ್ಲೇ ಮಲಗಿದೆ. 3 ಗಂಟೆಗೆ 95. ಕೆಳಗೆ ಓದುವ ಮೊದಲು ಒಂದು ಚೂರು ಕಾಗದದಲ್ಲಿ ಗೆರೆ ಎಳೆದು ಮೂರು ತುಂಡಿನ ಇಳಿಜಾರು ಬರೆದುಕೊಳ್ಳಿ. ಸುಮ್ನೆ ಕಣ್ಣಾಡಿಸಿದರೆ ಬರುವುದಿಲ್ಲ.

ಮೊದಲ ತುಂಡು: 50 − 90 = −40, ನಾಲ್ಕು ಗಂಟೆಯಲ್ಲಿ. ಗಂಟೆಗೆ −10. ಎರಡನೆಯದು ಸೊನ್ನೆ, ಫೋನ್ ಆಫ್ ಆಗಿತ್ತೇನೋ. ಮೂರನೆಯದು ಒಂದು ಗಂಟೆಯಲ್ಲಿ 45, ಅಂದರೆ +45, ಚಾರ್ಜಿಗೆ ಹಾಕಿದ್ದಾರೆ. ಮೂರರಲ್ಲಿ ಇದೇ ಹೆಚ್ಚು ಕಡಿದು. ಮಧ್ಯಾಹ್ನ ಆಫ್ ಮಾಡದೆ, ಚಾರ್ಜಿಗೂ ಹಾಕದೆ, ಮೊದಲ ತುಂಡಿನ ಗೆರೆಯನ್ನೇ ಹಾಗೇ ಮುಂದಕ್ಕೆ ಎಳೆದಿದ್ದರೆ ಬ್ಯಾಟರಿ ಎಷ್ಟು ಹೊತ್ತಿಗೆ ಖಾಲಿಯಾಗುತ್ತಿತ್ತು? 90ನ್ನು 10ರಿಂದ ಭಾಗಿಸಿ: 9 ಗಂಟೆ. ಬೆಳಿಗ್ಗೆ 8ರಿಂದ ಎಣಿಸಿದರೆ ಸಂಜೆ 5ಕ್ಕೆ ಫೋನ್ ಮಲಗುತ್ತಿತ್ತು.